ಹನಿ ಕಂಡರೆ ಸಾಲದು

ಜೀವಕೋಶದ ದ್ರವದಲ್ಲಿ ಪ್ರೋಟೀನು, ಆರ್‌ಎನ್‌ಎಗಳು ಯಾವ ಪೊರೆಯೂ ಇಲ್ಲದೆ ಹನಿಗಟ್ಟಿ ಬೇರೆಯಾಗಿ ನಿಲ್ಲುತ್ತವೆ. 2009ರಲ್ಲಿ ಬ್ರ್ಯಾಂಗ್‌ವಿನ್, ಹೈಮನ್ ತಂಡ ಇದನ್ನು ಪುಟ್ಟ ಹುಳುವೊಂದರ ಭ್ರೂಣದಲ್ಲಿ ತೋರಿಸಿತು. ಆಮೇಲೆ ಬಂದ ಸಂಶೋಧನೆಗಳಲ್ಲಿ ಬಹಳಷ್ಟು ಒಂದೇ ಜಾಡು ಹಿಡಿದವು: ಶುದ್ಧ ಪ್ರೋಟೀನನ್ನು ಗಾಜಿನ ಮೇಲೆ ದಟ್ಟವಾಗಿಟ್ಟು, ಎರಡು ಹನಿ ಕೂಡಿ ಒಂದಾಗುವುದನ್ನು ಚಿತ್ರ ತೆಗೆಯುವುದು. ಆ ಹನಿ ಇಲ್ಲದಿದ್ದರೆ ಪ್ರಾಣಿಗೆ ಏನಾದೀತು ಎಂದು ಕೇಳಿದವರು ಕಡಿಮೆ.

ಕೇಳಿದವರಲ್ಲಿ ಬೆಂಗಳೂರಿನವರೂ ಇದ್ದಾರೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರವಿದೆ. ಅಲ್ಲಿದ್ದ ಬಾಸ್ಕರ್ ಬಕ್ತವಚಲು, ಕೆ. ವಿಜಯರಾಘವನ್ ಅವರು ಡಬ್ಲಿನ್ನಿನ ಮಣಿ ರಾಮಸ್ವಾಮಿ, ಅಮೆರಿಕದ ರಾಯ್ ಪಾರ್ಕರ್ ಮುಂತಾದವರ ಜೊತೆ 2018ರಲ್ಲಿ ‘ನ್ಯೂರಾನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ನನಗೆ ತುಂಬ ಮೆಚ್ಚುಗೆಯಾದದ್ದು.

ಅಟಾಕ್ಸಿನ್-2 ಎಂಬ ಪ್ರೋಟೀನಿನಲ್ಲಿ ನಿಶ್ಚಿತ ಆಕಾರವಿಲ್ಲದ ಸಡಿಲ ಭಾಗಗಳಿವೆ. ಗಾಜಿನ ಮೇಲೆ ಹನಿಗಟ್ಟುವ ಗುಣ ಅವುಗಳದು. ಇಡೀ ಪ್ರೋಟೀನು ಇಲ್ಲವಾದರೆ ಹಣ್ಣುನೊಣ ಬದುಕುವುದಿಲ್ಲ. ಸಡಿಲ ಭಾಗವನ್ನಷ್ಟೇ ಕತ್ತರಿಸಿದಾಗ ನರಕೋಶಗಳಲ್ಲಿ ಆರ್‌ಎನ್‌ಎ ಹನಿಗಳು ಕಟ್ಟಲಿಲ್ಲ, ಆದರೂ ನೊಣ ಬೆಳೆಯಿತು, ಮೊಟ್ಟೆಯಿಟ್ಟಿತು. ಕಳೆದುಕೊಂಡದ್ದು ದೀರ್ಘಕಾಲದ ನೆನಪನ್ನು. ಮಾಮೂಲಿ ನೊಣಕ್ಕೆ ನಾಲ್ಕು ದಿನ ಒಂದೇ ವಾಸನೆ ತೋರಿಸಿದರೆ ಅದು ರೂಢಿಯಾಗಿ ಸ್ಪಂದನೆ ತಗ್ಗುತ್ತದೆ; ಇವುಗಳಲ್ಲಿ ಆ ರೂಢಿ ನೆಲೆಗೊಳ್ಳಲಿಲ್ಲ. ಇನ್ನೊಂದು ಫಲಿತಾಂಶ ಅಚ್ಚರಿಯದು: ಎಎಲ್‌ಎಸ್ ಎಂಬ ನರರೋಗಕ್ಕೆ ಸಂಬಂಧಿಸಿದ ವಿಷಕಾರಿ ಪ್ರೋಟೀನುಗಳನ್ನು ಸಡಿಲ ಭಾಗವಿಲ್ಲದ ಈ ನೊಣಗಳಲ್ಲಿ ಉಂಟುಮಾಡಿದಾಗ ನರಗಳ ಹಾನಿ ಮಾಮೂಲಿ ನೊಣಗಳಿಗಿಂತ ಕಡಿಮೆಯಾಯಿತು. ನೆನಪಿಗೆ ಬೇಕಾದ ಹನಿಯೇ ರೋಗಕ್ಕೂ ದಾರಿ.

ತಕರಾರಿಗೆ ಎಡೆಯಿದೆ. ಒಂದು ಭಾಗ ಕತ್ತರಿಸಿದರೆ ಹನಿಯೊಂದೇ ಹೋಗುತ್ತದೆಯೇ, ಆ ಭಾಗ ಬೇರೆ ಅಣುಗಳನ್ನು ಹಿಡಿಯುವ ಕೆಲಸವೂ ಹೋಗುತ್ತದೆಯೇ? 2018ರ ಪ್ರಬಂಧ ಇವೆರಡನ್ನೂ ಪೂರ್ತಿ ಬಿಡಿಸಿ ತೋರಿಸಿಲ್ಲ. ಇದೇ ಬಳಗ 2021ರಲ್ಲಿ ‘ಇಲೈಫ್’ನಲ್ಲಿ ಬರೆದಾಗ ಚಿತ್ರ ಇನ್ನೂ ಜಟಿಲವಾಯಿತು: ಪ್ರೋಟೀನಿನ ಕೆಲವು ಭಾಗಗಳು ಹನಿ ಕಟ್ಟುತ್ತವೆ, ಕೆಲವು ತಡೆಯುತ್ತವೆ, ಹನಿಯ ಹೊರಗೂ ಅದಕ್ಕೆ ಅಗತ್ಯದ ಕೆಲಸಗಳಿವೆ. ತಮ್ಮ ಫಲಿತಾಂಶವನ್ನು ತಾವೇ ಹೀಗೆ ಕೆದಕಿದ್ದು ದೊಡ್ಡ ಮಾತು.

ಅಟಾಕ್ಸಿನ್-2ರ ಪ್ರಮಾಣವನ್ನೇ ತಗ್ಗಿಸುವ ಔಷಧವೊಂದರ ಪ್ರಯೋಗವನ್ನು ಎಎಲ್‌ಎಸ್ ರೋಗಿಗಳಿಗೆ ಪ್ರಯೋಜನ ಕಾಣದೆ 2024ರಲ್ಲಿ ನಿಲ್ಲಿಸಲಾಯಿತು. ನೊಣದ ಪ್ರಯೋಗ ಸೂಚಿಸುವ ದಾರಿ ಬೇರೆ: ಪ್ರೋಟೀನು ಉಳಿಯಲಿ, ಹನಿಗಟ್ಟುವುದು ತಗ್ಗಲಿ. ನೆನಪಿಗೆ ಪೆಟ್ಟು ಬೀಳದಂತೆ ಅದನ್ನು ಎಷ್ಟು ತಗ್ಗಿಸಬಹುದು ಎಂಬ ಪ್ರಯೋಗ ಮೊದಲು ಆಗಬೇಕು.