ಉರಿಯುವ ಚಿತ್ರ

ಕಪ್ಪುಹಲಗೆಯ ಮೇಲೆ ಬರೆದ ವಿದ್ಯುತ್ ಮಂಡಲ ಯಾವತ್ತೂ ಉರಿಯುವುದಿಲ್ಲ. ಫೆಟ್‌ನ ಚಿತ್ರ ಉರಿಯುತ್ತದೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ, ವಿಜ್ಞಾನದ ಪ್ರಯೋಗಗಳನ್ನು ಕಂಪ್ಯೂಟರ್ ಪರದೆಯ ಮೇಲೇ ಮಾಡಿನೋಡುವ ಯೋಜನೆಯೇ ಫೆಟ್ (PhET).

ಪರದೆಯ ಮೇಲೆ ಬ್ಯಾಟರಿ, ತಂತಿ, ಬಲ್ಬು ಎಳೆದು ಜೋಡಿಸಿ. ಮಂಡಲ ಪೂರ್ತಿಯಾದದ್ದೇ ತಡ, ತಂತಿಯುದ್ದಕ್ಕೂ ನೀಲಿ ಎಲೆಕ್ಟ್ರಾನುಗಳು ಒಟ್ಟಿಗೇ ಹೊರಡುತ್ತವೆ. ಬ್ಯಾಟರಿಯಿಂದ ಹೊರಟದ್ದು ಬಲ್ಬು ತಲುಪಿದ ಮೇಲೇ ಬೆಳಕು ಎಂಬ ತಪ್ಪು ಕಲ್ಪನೆ ಅಲ್ಲೇ ಬಿದ್ದುಹೋಗುತ್ತದೆ. (ಹತ್ತನೇ ತರಗತಿ ದಾಟಿದ ಮೇಲೂ ನಾನು ಅದನ್ನೇ ನಂಬಿದ್ದೆ!) ಸರಣಿಯಲ್ಲಿ ಇನ್ನೊಂದು ಬಲ್ಬು ಸೇರಿಸಿದರೆ ಎರಡೂ ಮಂಕು. ಬ್ಯಾಟರಿಯ ಎರಡು ತುದಿಗೂ ಬರೀ ತಂತಿ ಕೊಟ್ಟರೆ ಬೆಂಕಿ! ಮಕ್ಕಳಿಗೆ ಬಲು ಇಷ್ಟವಾಗುವುದೇ ಅದು. ಮಾಡಲಿ ಬಿಡಿ, ಕೈ ಸುಡದು, ಫ್ಯೂಸೂ ಹೋಗದು.

ನಿಜವಾದ ತಂತಿ ಹಿಡಿಯುವುದಕ್ಕೆ ಇದು ಬದಲಿಯಲ್ಲ, ಸರಿ. ಆದರೆ ಕನ್ನಡದಲ್ಲೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.