ಪುಸ್ತಕ ವಿಮರ್ಶೆ: ತನಗೆ ತಾನೇ ಆಡುವ ಮಾತು

ಲೆಕ್ಕ ಮಾಡುತ್ತಾ ಗೊಣಗುವ ಮಗುವನ್ನು 'ಬಾಯಿ ಮುಚ್ಚಿಕೊಂಡು ಮಾಡು' ಎಂದು ಗದರಿಸುವ ಶಿಕ್ಷಕರು ಸೋವಿಯತ್ ಮನೋವಿಜ್ಞಾನಿ ಲೆವ್ ವೈಗೋಟ್ಸ್ಕಿಯವರ 'ಚಿಂತನೆ ಮತ್ತು ಭಾಷೆ' (1934) ಓದಬೇಕು. ಇಂಥ ಸ್ವಗತ ಮಗುವಿನ ಸ್ವಕೇಂದ್ರಿತ ಚಿಂತನೆಯ ಗುರುತು, ಬೆಳೆದಂತೆ ಅಳಿದುಹೋಗುತ್ತದೆ ಎಂದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ 1923ರಲ್ಲಿ ವಾದಿಸಿದ್ದರು. ವೈಗೋಟ್ಸ್ಕಿ ಇದನ್ನು ಪರೀಕ್ಷೆಗೆ ಒಡ್ಡಿದರು. ಚಿತ್ರ ಬಿಡಿಸುವ ಮಕ್ಕಳಿಗೆ ಬೇಕಾದ ಪೆನ್ಸಿಲ್ ಸಿಗದಂತೆ ಮಾಡಿದಾಗ ಸ್ವಗತ ಸುಮಾರು ಇಮ್ಮಡಿಯಾಯಿತು. ಎಂದರೆ, ಅದು ತೊಡಕು ಬಿಡಿಸಿಕೊಳ್ಳುವ ಸಾಧನ. ಮುಂದೆ ಅದು ಅಳಿಯುವುದಿಲ್ಲ, ಒಳಮಾತಾಗುತ್ತದೆ. ಪ್ರಯೋಗಗಳ ಅಂಕಿ-ಅಂಶಗಳನ್ನು ಪೂರ್ಣವಾಗಿ ಕೊಡದಿರುವುದು ಕೃತಿಯ ಕೊರತೆ. ಆದರೂ ಅದರ ಪಾಠ ತರಗತಿಗೆ ನೇರವಾಗಿ ಸಲ್ಲುತ್ತದೆ. ಗೊಣಗುವ ಮಗುವನ್ನು ತಡೆಯುವ ಬದಲು ಕಿವಿಗೊಟ್ಟರೆ, ಲೆಕ್ಕದಲ್ಲಿ ಅದು ಎಲ್ಲಿ ಎಡವಿತೆಂಬುದು ಶಿಕ್ಷಕರಿಗೆ ತಿಳಿದೀತು.