ರೋಮಕ ದೀನಾರದ ಚಿತ್ರಾರ್ಥ

ದೀನಾರ ಶಬ್ದವು ಸಂಸ್ಕೃತ ಕೋಶಕಾವ್ಯಗಳಲ್ಲಿ ಎಷ್ಟು ನೆಲೆಯೂರಿರುವದೆಂದರೆ, ಅದು ಲ್ಯಾಟಿನ್ ಭಾಷೆಯ ‘ದೇನಾರಿಯುಸ್’ ಎಂಬುದರ ರೂಪಾಂತರವೆಂದು ಓದುವವರಿಗೆ ಹೊಳೆಯುವದೇ ಇಲ್ಲ. ಗುಪ್ತರ ಕಾಲಕ್ಕೆ ಆ ಹೆಸರು ಹೊನ್ನಿನ ನಾಣ್ಯಕ್ಕೆ ಸಂದಿತು. ಮೂಲತಃ ಅದು ಬೆಳ್ಳಿಯದು. ಅಂಥ ಬೆಳ್ಳಿಯ ನಾಣ್ಯಗಳು ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163, ಅದೇ ನಗರದ ಹಳೆಯ ವಿಮಾನ ನಿಲ್ದಾಣದ ಬಳಿ 1965ರಲ್ಲಿ 256 ದೊರೆತವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿಯೂ ಕೆಲವು ಸಿಕ್ಕಿವೆ. ಇವುಗಳಲ್ಲಿ ಆಗಸ್ಟಸ್, ತಿಬೇರಿಯಸ್ ಎಂಬ ಇಬ್ಬರು ಅರಸರವೇ ಬಹುಭಾಗ.

ತಿಬೇರಿಯಸನ ನಾಣ್ಯದ ಹಿಂಬದಿಯಲ್ಲಿ ಪೀಠದ ಮೇಲೆ ಕುಳಿತ ಸ್ತ್ರೀಯೊಬ್ಬಳು. ಒಂದು ಕೈಯಲ್ಲಿ ದಂಡ, ಮತ್ತೊಂದರಲ್ಲಿ ಎಲೆಗೊಂಬೆ. ನಮ್ಮವರ ಕಣ್ಣಿಗೆ ಆಕೆ ಲಕ್ಷ್ಮಿಯಾಗಿ ತೋರುವದು ಸಹಜವೇ. ವೆನಿಸ್ ನಗರದ ಹೊನ್ನಿನ ನಾಣ್ಯಕ್ಕೆ ಪುತಳಿಯೆಂದು ಹೆಸರಿಟ್ಟು, ಅದರಲ್ಲಿಯ ಕ್ರೈಸ್ತ ಸಂತನನ್ನೂ ಮಂಡಿಯೂರಿದ ಅಧಿಪತಿಯನ್ನೂ ಸೀತಾರಾಮರೆಂದು ಭಾವಿಸಿದ ನಾಡಲ್ಲವೇ ಇದು! ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಮನೆತನಗಳಿಗೆ ಪುತಳಿ ಸರವು ಅಪರಿಚಿತವಲ್ಲ. ಭಕ್ತಿಗೆ ಇದು ಒಪ್ಪುವದು, ವಿಮರ್ಶೆಗೆ ಒಪ್ಪದು. ವಾಚ್ಯಾರ್ಥವನ್ನು ತಿಳಿಯದೆ ವ್ಯಂಗ್ಯಾರ್ಥಕ್ಕೆ ಹಾರುವವನನ್ನು ಆಲಂಕಾರಿಕರು ಸಹೃದಯನೆನ್ನರು. ಆ ಸ್ತ್ರೀಯನ್ನು ಪಂಡಿತರಲ್ಲಿ ಕೆಲವರು ಶಾಂತಿದೇವತೆಯೆನ್ನುತ್ತಾರೆ, ಕೆಲವರು ಅರಸನ ತಾಯಿ ಲಿವಿಯಾ ಎನ್ನುತ್ತಾರೆ. ಸುತ್ತಲಿನ ಲಿಪಿಯಾದರೋ ಅರಸನನ್ನು ಮಹಾಪುರೋಹಿತನೆಂದು ಸಾರಿ ಆಕೆಯ ವಿಷಯದಲ್ಲಿ ಮೌನವಾಗಿರುವದು. ಟಂಕಸಾಲೆಯೇ ಹೇಳದ ಹೆಸರನ್ನು ನಿಶ್ಚಯವಾಗಿ ಹೇಳುವ ಅವಸರ ಯಾರಿಗೂ ಬೇಡ.

ಕೆಲವು ರೋಮಕ ನಾಣ್ಯಗಳಲ್ಲಿ, ವಿಶೇಷವಾಗಿ ಹೊನ್ನಿನವುಗಳಲ್ಲಿ, ಅರಸನ ಮುಖದ ಮೇಲೆ ಉಳಿಯ ಗಾಯವಿರುತ್ತದೆ. ಅದನ್ನು ದ್ವೇಷವೆಂದು ಬಗೆಯುವದಕ್ಕಿಂತ ಲೋಹದ ಪರೀಕ್ಷೆಯೆಂದು ತಿಳಿಯುವದೇ ಯುಕ್ತ. ಚಿನಿವಾರನಿಗೆ ಮುಖಕ್ಕಿಂತ ಒಳಗಿನ ಲೋಹ ಮುಖ್ಯ.

ಆದರೆ ಕಾವ್ಯದಂತೆ ಓದಬೇಕಾದದ್ದು ಆಗಸ್ಟಸನ ನಾಣ್ಯ. ಅವನಿಗೆ ಔರಸ ಪುತ್ರರಿರಲಿಲ್ಲ. ಮಗಳ ಮಕ್ಕಳಾದ ಗಾಯಸ್, ಲೂಸಿಯಸರನ್ನು ದತ್ತಕ ಕೊಂಡನು. ದೌಹಿತ್ರನ ಮಹತ್ವವನ್ನು ಧರ್ಮಶಾಸ್ತ್ರದಲ್ಲಿ ಓದಿದವರಿಗೆ ಆ ಮುದುಕನ ಆತುರ ಚೆನ್ನಾಗಿ ತಿಳಿದೀತು. ನಾಣ್ಯದ ಹಿಂಬದಿಯಲ್ಲಿ ಕುಮಾರರಿಬ್ಬರು ನಿಂತಿರುವರು. ನಡುವೆ ಅವರ ಗುರಾಣಿಗಳು, ಈಟಿಗಳು. ಮೇಲ್ಗಡೆ ನಮ್ಮ ಸ್ರುವವನ್ನು ನೆನಪಿಸುವ ಹೋಮದ ಸೌಟು, ಮತ್ತು ಶಕುನ ನೋಡುವವರ ಕೊಕ್ಕೆಗೋಲು. ಮೊದಲನೆಯದು ಪುರೋಹಿತನಾದ ಗಾಯಸನಿಗೆ, ಎರಡನೆಯದು ಶಕುನಜ್ಞನಾದ ಲೂಸಿಯಸನಿಗೆ ಸಲ್ಲುವದು. ಕ್ಷಾತ್ರ, ಬ್ರಾಹ್ಮ ಎರಡನ್ನೂ ಹೆಬ್ಬೆರಳಿನಷ್ಟು ಬೆಳ್ಳಿಯಲ್ಲಿ ಅಡಗಿಸಿದ ಶಿಲ್ಪಿಯ ಮಿತವ್ಯಯವು ಶ್ಲಾಘ್ಯ.

ಲೂಸಿಯಸನು ಕ್ರಿ. ಶ. 2ರಲ್ಲಿ, ಗಾಯಸನು 4ರಲ್ಲಿ ತೀರಿಕೊಂಡರು. ರಾಜ್ಯವು 14ರಲ್ಲಿ ತಿಬೇರಿಯಸನ ಪಾಲಾಯಿತು. ಯಶವಂತಪುರದ ನಿಧಿಯಲ್ಲಿ ಈ ಇಬ್ಬರು ಅರಸರ ನಾಣ್ಯಗಳೂ ಕೂಡಿಯೇ ಇದ್ದವಾದ್ದರಿಂದ, ಅದನ್ನು ನೆಲದಲ್ಲಿ ಹೂಳಿದ ದಿನಕ್ಕೆ ಆ ಕುಮಾರರು ಸತ್ತು ಹತ್ತು ವರ್ಷಗಳ ಮೇಲಾಗಿತ್ತು. ಬೆಳ್ಳಿಯಲ್ಲಿ ಮಾತ್ರ ಅವರು ಇನ್ನೂ ಯುವರಾಜರು.